ನೋವು ಹೋದ ಬೆಳಿಗ್ಗೆ

ಆ ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಒಂಟೆ ಎಂದೇ ಕರೆಯುತ್ತಿದ್ದರು. ಅವಳು ಎತ್ತರದವಳೂ ಅಲ್ಲ, ಕುತ್ತಿಗೆ ಉದ್ದದವಳೂ ಅಲ್ಲ. ಬೆಳಿಗ್ಗೆ ಮನೆಯ ಬಚ್ಚಲಿಗೆ ಹೋಗಿ ಬಂದವಳು ಸಂಜೆ ಮನೆ ಸೇರುವ ತನಕ ಇನ್ನೊಮ್ಮೆ ಆ ಕಡೆ ತಲೆ ಹಾಕುತ್ತಿರಲಿಲ್ಲ, ಅದಕ್ಕೇ ಆ ಹೆಸರು.

ಅಲ್ಲಿಗೆ ಬರುವುದೆಲ್ಲ ಆಸ್ಪತ್ರೆಗಳ ಟವೆಲು, ಬೆಡ್‌ಶೀಟು. ಒಗೆದ ಶೀಟನ್ನು ಬಿಸಿ ರೋಲರಿನ ಬಾಯಿಗೆ ಇಬ್ಬರು ಎರಡು ತುದಿ ಹಿಡಿದು ಕೊಡಬೇಕು. ಒಬ್ಬಳು ಕೈ ಬಿಟ್ಟರೆ ಶೀಟು ಓರೆಯಾಗಿ ಒಳಗೆ ಹೋಗಿ ಮುದುಡಿಕೊಳ್ಳುತ್ತದೆ. ನಡುವೆ ರೋಲರ್ ನಿಂತರೆ ಶೀಟಿನ ಮೈಮೇಲೆ ಅಡ್ಡಕ್ಕೆ ಒಂದು ಕಂದು ಪಟ್ಟಿ ಸುಟ್ಟುಕೊಳ್ಳುತ್ತದೆ. ಆಮೇಲೆ ಸೂಪರ್‌ವೈಸರಮ್ಮನ ಬಾಯಿಗೆ ತಡೆಯೇ ಇರುವುದಿಲ್ಲ. ಶೌಚಾಲಯವೋ ಅಂಗಳ ದಾಟಿ, ಬಾಯ್ಲರ್ ಕೋಣೆಯ ಹಿಂದೆ. ಹಾಗಾಗಿ ಹೊಸದಾಗಿ ಬಂದ ಹೆಂಗಸು ಅಲ್ಲಿ ಮೊದಲು ಕಲಿಯುವುದು ಶೀಟು ಹಿಡಿಯುವುದನ್ನಲ್ಲ, ಮೂತ್ರ ಹಿಡಿಯುವುದನ್ನು.

ಅವಳಿಗೆ ಅದನ್ನು ಕಲಿಸಿದವಳು ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ಸೊಸೆಯನ್ನು ತನ್ನ ಜೋಡಿ ಮಾಡಿಕೊಂಡು ರೋಲರಿನ ಮುಂದೆ ನಿಲ್ಲಿಸಿದಾಗ, "ನೀರು ಕಮ್ಮಿ ಕುಡಿ. ಬಂದ ಹಾಗಾದ್ರೆ ಹಾಡು ಹೇಳ್ಕೋ, ಮರ್ತು ಹೋಗುತ್ತೆ" ಎಂದಿದ್ದಳು. ಸೊಸೆ ಹಾಡು ಹೇಳಿಕೊಳ್ಳದೆಯೇ ಮರೆಯುವಷ್ಟು ಬೇಗ ಪಳಗಿದಳು. ಮೊದಲ ಬಸುರಿನಲ್ಲೂ ಊಟದ ಬಿಡುವಿನಲ್ಲಿ ಒಮ್ಮೆ ಓಡಿ ಹೋಗಿ ಬಂದರೆ ಮುಗಿಯಿತು. ಅತ್ತೆ ಆಚೀಚೆಯವರಿಗೆ ಹೆಮ್ಮೆಯಿಂದ ಹೇಳುವಳು: "ನನ್ ಸೊಸೆ ನೋಡ್ರೇ! ನೀವೂ ಇದೀರಾ, ತೂತು ಬಿದ್ದ ಬಿಂದಿಗೆ ಹಾಗೆ!"

ಎರಡನೆಯ ಬಸುರಿಗೆ ಏಳನೇ ತಿಂಗಳು ಹಿಡಿಯುವ ಹೊತ್ತಿಗೆ ಸೊಂಟ ನೋಯಲು ಶುರುವಾಯಿತು. ಯಾರೂ ಅದನ್ನು ದೊಡ್ಡದು ಮಾಡಲಿಲ್ಲ, ಅವಳೂ ಮಾಡಲಿಲ್ಲ. ದೊಡ್ಡ ಮಗಳು ಹೊಟ್ಟೆಯಲ್ಲಿದ್ದಾಗಲೂ ನೋಯುತ್ತಿತ್ತು, ಹೆತ್ತ ಮೇಲೆ ಹೇಳದೆ ಕೇಳದೆ ಹೋಗಿತ್ತು. ಇದೂ ಹಾಗೇ ಅಂದುಕೊಂಡಳು.

ಆದರೆ ಒಂದು ದಿನ ಒಗೆಯುವ ಕಡೆಯಿಂದ ಬಂದ ಗಾಡಿಯಲ್ಲಿ ಶೀಟುಗಳು ಒಂದಕ್ಕೊಂದು ಹೆಣೆದುಕೊಂಡು ಹಗ್ಗದಂತೆ ಬಿಗಿದುಕೊಂಡಿದ್ದವು. ಹೊಟ್ಟೆಯನ್ನು ಗಾಡಿಯ ಅಂಚಿಗೆ ಆನಿಸಿ, ಬಗ್ಗಿ, ಆ ಒದ್ದೆ ಗಂಟನ್ನು ಎಳೆದು ಪಕ್ಕಕ್ಕೆ ತಿರುಗಿದಳು. ಸೊಂಟದೊಳಗೆ ಏನೋ ಲೊಟ್ಟೆಂದಿತು. ಮರುಗಳಿಗೆ ಎಡ ಕುಂಡಿಯಿಂದ ಹಿಮ್ಮಡಿಯ ತನಕ ಯಾರೋ ಕಾದ ತಂತಿ ಎಳೆದ ಹಾಗಾಯಿತು. ಗಂಟು ಕೈ ಬಿಟ್ಟು ಗಾಡಿ ಹಿಡಿದುಕೊಂಡೇ ನಿಂತಳು. ಉಸಿರು ಎಳೆದುಕೊಳ್ಳುವುದಕ್ಕೂ ಹೆದರಿಕೆ.

"ಏನಾಯ್ತೇ?" ಅತ್ತೆ ಓಡಿ ಬಂದಳು.

"ಏನಿಲ್ಲ ಅತ್ತೆ. ಉಳುಕಿತು ಅನ್ಸುತ್ತೆ."

ಉಳುಕಲ್ಲ ಎಂದು ಅವಳಿಗೆ ಆಗಲೇ ಗೊತ್ತಿತ್ತು. ಅಂದಿನಿಂದ ಕೂತರೆ ಉರಿ, ಮಲಗಿದರೆ ಉರಿ. ಕೆಮ್ಮಿದರೆ ಕಾಲಿನ ತುದಿಯ ತನಕ ಸಿಡಿಲು. ಸೀನು ಬಂದರೆ ಗೋಡೆ ಹಿಡಿದು ಕಣ್ಣು ಮುಚ್ಚಿಕೊಳ್ಳುವಳು. ಅವಳ ಗಂಡ ಅದೇ ಲಾಂಡ್ರಿಯ ವ್ಯಾನ್ ಓಡಿಸುವವನು, ಒಗೆದ ಶೀಟುಗಳನ್ನು ಆಸ್ಪತ್ರೆಗಳಿಗೆ ಮುಟ್ಟಿಸುವವನು. ಹೆಂಡತಿ ಹಾಸಿಗೆಯಿಂದ ಏಳುವಾಗ ತೆವಳುವುದನ್ನು ನೋಡಿ ಅವನೇ, "ಮಗು ಭಾರ ಅಂತ ನೀವಿಬ್ರೂ ಹೇಳ್ತಾನೇ ಇರಿ. ನಾನು ಕರ್ಕೊಂಡು ಹೋಗ್ತೀನಿ, ನಡಿ" ಎಂದು ವ್ಯಾನಿನಲ್ಲೇ ಹೆರಿಗೆ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ಗಂಡನನ್ನು ಹೊರಗೆ ಕೂರಿಸಿ ಪರದೆ ಎಳೆದಳು. ಮಲಗಿಸಿ, ಮಂಡಿ ಮಡಚದಂತೆ ಎಡಗಾಲನ್ನು ಹಿಮ್ಮಡಿಯಿಂದ ಮೆಲ್ಲಗೆ ಎತ್ತಿದಳು. ಕಾಲು ಮಂಚದಿಂದ ಗೇಣು ಮೇಲೇಳುವ ಮುಂಚೆ ಇವಳು ಚೀರಿದಳು. ಡಾಕ್ಟರಮ್ಮ ಸಣ್ಣ ಸುತ್ತಿಗೆಯಿಂದ ಮಂಡಿ, ಹಿಮ್ಮಡಿ ತಟ್ಟಿದಳು. ತುದಿಗಾಲಲ್ಲಿ ನಡೆಸಿದಳು, ಹಿಮ್ಮಡಿಯ ಮೇಲೆ ನಡೆಸಿದಳು.

"ಬೆನ್ನುಮೂಳೆಯ ಒಂದೊಂದು ಗೆಣ್ಣಿನ ಮಧ್ಯೆ ಮೆತ್ತೆ ಥರದ್ದು ಇರುತ್ತೆ. ಡಿಸ್ಕ್ ಅಂತೀವಿ. ಅದು ಹೊರಗೆ ಉಬ್ಬಿ ಕಾಲಿನ ನರವನ್ನ ಒತ್ತುತ್ತಾ ಇದೆ. ಬಸುರಿನಲ್ಲಿ ಹೀಗಾಗೋದು ಅಪರೂಪ, ಆದ್ರೆ ಆಗುತ್ತೆ. ಕಾಲಲ್ಲಿ ಬಲ ಇದೆ, ಹಾಗಾಗಿ ಈಗ ಸ್ಕ್ಯಾನೂ ಬೇಡ, ಏನೂ ಬೇಡ. ಭಾರ ಎತ್ತಬೇಡ, ಬಗ್ಗಬೇಡ. ಹಾಗಂತ ಇಡೀ ದಿನ ಮಲಗೂ ಬೇಡ, ಮನೆಯೊಳಗೆ ಓಡಾಡ್ತಾ ಇರು. ಮಗುಗೆ ತೊಂದರೆ ಆಗದ ಮಾತ್ರೆ ಕೊಡ್ತೀನಿ. ಮುಕ್ಕಾಲು ಪಾಲು ಜನಕ್ಕೆ ತಾನಾಗೇ ಇಳಿಯುತ್ತೆ."

ಇವಳು ಸೀರೆ ಸರಿಮಾಡಿಕೊಂಡು ಏಳಲು ಹೊರಟಾಗ ಡಾಕ್ಟರಮ್ಮ ಭುಜ ಹಿಡಿದು ಕೂರಿಸಿದಳು. ದನಿ ತಗ್ಗಿಸಿದಳು. "ಇದನ್ನ ಸರಿಯಾಗಿ ಕೇಳಿಸ್ಕೋ. ಪಾದ ಸೋತ್ರೆ, ಕೂರೋ ಜಾಗ, ತೊಡೆ ಸಂದಿ ಮರಗಟ್ಟಿದ್ರೆ, ಮೂತ್ರ ಕಟ್ಟಿದ್ರೆ ಅಥವಾ ಗೊತ್ತಿಲ್ಲದೆ ಹೋದ್ರೆ, ನಾಳೆ ನೋಡೋಣ ಅನ್ಬೇಡ. ಆ ಕ್ಷಣ ಬಾ. ಮನೆಯವ್ರಿಗೂ ಹೇಳು."

"ಹೂಂ ಮೇಡಂ" ಎಂದಳು.

ಹೊರಗೆ ಗಂಡ, "ಏನಂದ್ರು?" ಎಂದು ಕೇಳಿದ.

"ರೆಸ್ಟ್ ಅಂದ್ರು."

"ಅಷ್ಟೇನಾ?"

"ಅಷ್ಟೇ."

ಅಲ್ಲಿ ಸಾಲು ಕುರ್ಚಿಯಲ್ಲಿ ಗಂಡಸರು ಕೂತಿದ್ದರು. ಕೂರೋ ಜಾಗ, ತೊಡೆ ಸಂದಿ ಅಂತ ಅಲ್ಲಿ ಹೇಗೆ ಬಾಯಿ ಬಿಡುವುದು? ಮನೆಗೆ ಹೋಗಿ ಹೇಳಿದರಾಯಿತು ಅಂದುಕೊಂಡಳು. ಮನೆಯಲ್ಲಿ ಮಗಳು ಮಡಿಲಿಗೆ ಬಂದು ಬಿದ್ದಳು, ಅತ್ತೆ ನೀರು ಕಾಯಿಸಲು ಎದ್ದಳು, ಹೇಳಬೇಕಾದ್ದು ಹಾಗೇ ಉಳಿಯಿತು. ಹಾಗೆ ನೋಡಿದರೆ ಹೇಳುವಂಥದ್ದು ಏನೂ ಆಗಿರಲೂ ಇಲ್ಲ.

ಮನೆಯಲ್ಲಿ ಉಳಿದ ಆ ದಿನಗಳಲ್ಲಿ ಗೋಡೆಯಿಂದ ಗೋಡೆಗೆ ನಡೆದಳು, ಎಡಮಗ್ಗುಲಿಗೆ ತಿರುಗಿ ಮಂಡಿಗಳ ನಡುವೆ ದಿಂಬು ಇಟ್ಟುಕೊಂಡು ಮಲಗಿದಳು, ಎದ್ದು ಮತ್ತೆ ನಡೆದಳು. ಸಂಜೆ ಅತ್ತೆ ಬಂದು, ಕೈ ಕೂಡ ತೊಳೆಯದೆ, ಬಿಸಿನೀರಿನ ಚೀಲ ಸೊಂಟಕ್ಕೆ ಒತ್ತಿ ಹಿಡಿದುಕೊಂಡು ಹೊಸ ಜೋಡಿಯನ್ನು ಬೈಯುತ್ತಿದ್ದಳು.

"ಅದೊಂದು ಮೂದೇವಿ! ನಾನು ಎಳೆದ್ರೆ ಅದು ಬಿಡುತ್ತೆ, ನಾನು ಬಿಟ್ರೆ ಅದು ಎಳೆಯುತ್ತೆ. ಗಳಿಗೆಗೊಂದು ಸಲ ಅಂಗಳಕ್ಕೆ ಓಡುತ್ತೆ. ಇವತ್ತು ಎಷ್ಟು ಶೀಟು ಸುಟ್ಟಿತೋ ದೇವರೇ ಬಲ್ಲ. ಸೂಪರ್‌ವೈಸರಮ್ಮ ನನ್ನನ್ನ ಒಗೆಯೋ ಕಡೆಗೆ ಹಾಕ್ತೀನಿ ಅಂತ ಕಣ್ಣು ಬಿಡ್ತಾಳೆ."

"ಒಗೆಯೋ ಕಡೆಗಾ? ಒದ್ದೆ ಭಾರ ಎತ್ತೆತ್ತಿ ನಿಮ್ಮ ಮಂಡಿ ಏನಾಗ್ಬೇಕು ಅತ್ತೆ?"

"ಮಂಡಿ ಏನಾಗುತ್ತೆ, ಅಲ್ಲೇ ಒಗೆದು ಒಣಗಿ ಹಾಕ್ತಾರೆ." ಅತ್ತೆ ನಕ್ಕಳು. ಸೊಸೆ ನಗಲು ಹೋಗಿ, ನಗು ಕಾಲಿಗೆ ಇಳಿದು, "ಅಯ್ಯಮ್ಮಾ" ಎಂದು ದಿಂಬು ಕಚ್ಚಿದಳು.

ಹೀಗಿರುವಾಗ ಒಂದು ಬೆಳಿಗ್ಗೆ ಎದ್ದಾಗ ನೋವು ಇರಲಿಲ್ಲ.

ಮೊದಲು ಅವಳಿಗೆ ನಂಬಿಕೆಯೇ ಬರಲಿಲ್ಲ. ಮಗ್ಗುಲು ತಿರುಗಿದಳು. ಕಾಲು ಕೆಳಗಿಟ್ಟಳು. ಬೇಕೆಂದೇ ಕೆಮ್ಮಿ ನೋಡಿದಳು. ಸಿಡಿಲೂ ಇಲ್ಲ, ಗುಡುಗೂ ಇಲ್ಲ. ಅಡುಗೆಮನೆಯ ಬಾಗಿಲಿಗೆ ಬಂದು, "ಅತ್ತೆ, ಹೋಯ್ತು" ಎಂದಳು. ಅತ್ತೆ ಗಾಬರಿಯಿಂದ ಹೊಟ್ಟೆ ನೋಡಿದಳು. "ಅಯ್ಯೋ ಅದಲ್ಲ ಅತ್ತೆ, ನೋವು! ನೋವು ಹೋಯ್ತು!"

ಅತ್ತೆ ಕೈಲಿದ್ದ ಸೌಟನ್ನು ಅಲ್ಲೇ ಬಿಟ್ಟು ಸೊಸೆಯ ಗಲ್ಲ ಹಿಡಿದುಕೊಂಡಳು. "ನಾ ಹೇಳಿರ್ಲಿಲ್ವಾ? ಮಗು ತಿರುಗಿಕೊಂಡಿದೆ. ನರದ ಮೇಲಿಂದ ಎದ್ದಿದೆ, ಬಂಗಾರ!" ಗಂಡ ಹಲ್ಲುಜ್ಜುತ್ತಾ ಬಂದು ಬಾಯಿ ತುಂಬ ನೊರೆ ಇಟ್ಟುಕೊಂಡೇ ನಕ್ಕ. ಮನೆಗೆ ಎಷ್ಟೋ ದಿನದ ಮೇಲೆ ಗಾಳಿ ಬಂದ ಹಾಗಿತ್ತು.

ಬಚ್ಚಲಿಗೆ ಹೋಗಿ ಕೂತಳು. ಬಹಳ ಹೊತ್ತು ಕೂತ ಮೇಲೆ ಒಂದಿಷ್ಟು ಹನಿಯಿತು. ಸೊಂಟ ನೋವೆಂದು ನೀರೇ ಕುಡಿದಿಲ್ಲ, ಎಲ್ಲಿಂದ ಬಂದೀತು ಎಂದುಕೊಂಡು ಎದ್ದಳು. ತೊಳೆದುಕೊಂಡಾಗ ನೀರು ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯಲಿಲ್ಲ. ಅದನ್ನೂ ಅವಳು ಗಮನಿಸಿದ್ದಳು. ಗಮನಿಸಿ, ಪಕ್ಕಕ್ಕೆ ಇಟ್ಟಳು. ನೋವು ಹೋಗಿದೆ ಅನ್ನುವ ಖುಷಿಯ ಮುಂದೆ ಬೇರೆ ಯಾವುದಕ್ಕೂ ಅವತ್ತು ಜಾಗವಿರಲಿಲ್ಲ.

ಮಾರನೆಯ ದಿನ, "ನಾನೂ ಬರ್ತೀನಿ" ಎಂದಳು. "ರೋಲರ್ ಹತ್ರ ನಿಲ್ಲಲ್ಲ. ಟವೆಲ್ ಮಡಚೋ ಮೇಜಿಗೆ ಕೂತ್ಕೋತೀನಿ. ನಾನು ಬಂದೆ ಅಂತ ಗೊತ್ತಾದ್ರೆ ಸೂಪರ್‌ವೈಸರಮ್ಮ ನಿಮ್ಮನ್ನ ಒಗೆಯೋ ಕಡೆಗೆ ಹಾಕಲ್ಲ."

"ಬೇಡ ಕಣೇ, ಇನ್ನಷ್ಟು ದಿನ ಹೋಗ್ಲಿ" ಎಂದಳು ಅತ್ತೆ. ಆದರೆ ಮುಖ ಅರಳಿತ್ತು.

ವ್ಯಾನ್ ಹತ್ತುವಾಗ ಗಂಡ ಹಿಂದಿನಿಂದ ಕೂಗಿದ. "ಏನೇ ಮಹಾರಾಣಿ, ಒಂದು ಚಪ್ಪಲಿ ದಾನ ಮಾಡ್ಬಿಟ್ಯಾ?" ತಿರುಗಿ ನೋಡಿದರೆ ಎಡಗಾಲಿನ ಚಪ್ಪಲಿ ಬೀದಿಯ ನಡುವೆ ಬಿದ್ದಿತ್ತು. ಅಷ್ಟು ದೂರ ಬರಿಗಾಲಲ್ಲಿ ನಡೆದು ಬಂದದ್ದು ಅವಳಿಗೆ ತಿಳಿದೇ ಇರಲಿಲ್ಲ. ಮೂವರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಲಾಂಡ್ರಿಯ ಬಾಗಿಲಲ್ಲಿ ಉಗಿಯ ಜೊತೆಗೇ ಕೂಗು ಎದ್ದಿತು. "ಬಂತು ಬಂತು, ಒಂಟೆ ಬಂತು! ಮರಿ ಸಮೇತ ಬಂತು!" ಟವೆಲ್ ಮೇಜಿನ ಹತ್ತಿರದ ಕಬ್ಬಿಣದ ಸ್ಟೂಲಿನ ಮೇಲೆ ಕೂತಳು. ಬೆಳಗಿನ ಹೊತ್ತು ಆ ಸ್ಟೂಲ್ ಮಂಜುಗಡ್ಡೆಯಂತಿರುತ್ತದೆ, ಯಾರು ಕೂತರೂ ಒಮ್ಮೆ ಎಗರುತ್ತಾರೆ. ಅವಳು ಎಗರಲಿಲ್ಲ. ಯಾರೋ ಪುಣ್ಯಾತ್ಗಿತ್ತಿ ಬಟ್ಟೆ ಹಾಸಿದ್ದಾಳೆ ಅಂದುಕೊಂಡು ಕೆಳಗೆ ಕೈ ಹಾಕಿ ನೋಡಿದಳು. ಬಟ್ಟೆ ಇರಲಿಲ್ಲ. ಬರೀ ಕಬ್ಬಿಣ. ಕೈಗೆ ಅದು ಕೊರೆಯುವಷ್ಟು ತಣ್ಣಗಿತ್ತು.

ಕೂರೋ ಜಾಗ ಮರಗಟ್ಟಿದ್ರೆ, ಎಂದಿದ್ದಳಲ್ಲ ಡಾಕ್ಟರಮ್ಮ. ಆದರೆ ಮರಗಟ್ಟುವುದೆಂದರೆ ಜುಮುಜುಮು ಅನ್ನಬೇಕಲ್ಲ, ಕಾಲು ಜೋಮು ಹಿಡಿದ ಹಾಗೆ? ಇಲ್ಲಿ ಏನೂ ಅನ್ನುತ್ತಿಲ್ಲ. ಮೂತ್ರ ಕಟ್ಟುವುದೆಂದರೆ ಅವಸರವಾಗಿ, ಬರದೆ, ಒದ್ದಾಡಬೇಕಲ್ಲ? ತನಗೆ ಅವಸರವೇ ಇಲ್ಲ. ಹೊಟ್ಟೆಯೊಳಗೆ ಮಗು ಒಮ್ಮೆ ಒದೆಯಿತು. ಅದು ಚೆನ್ನಾಗಿದೆ, ತಾನೂ ಚೆನ್ನಾಗಿದ್ದೇನೆ ಎಂದು ಟವೆಲ್‌ಗೆ ಕೈ ಹಾಕಿದಳು.

ಊಟದ ಬಿಡುವಿನಲ್ಲಿ ಹೆಂಗಸರೆಲ್ಲ ಅಂಗಳದ ಕಡೆ ಹೊರಟರು. "ಬಾರೇ, ಹೋಗಿ ಬರೋಣ. ಬಸುರಿ ನೀನು."

"ಬಂದ್ರೆ ತಾನೇ ಹೋಗೋದು?"

"ನೋಡ್ರೇ ಇವಳ ಜಂಬ! ಈ ಹೊಟ್ಟೇಲೂ ಬರಲ್ವಂತೆ!"

"ನೀವೂ ಅಭ್ಯಾಸ ಮಾಡ್ರೇ" ಎಂದಳು ಒಂಟೆ. ರೋಲರಿನ ಹತ್ತಿರದಿಂದ ಅತ್ತೆ ಇದನ್ನು ಕೇಳಿ, ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ನಕ್ಕಳು.

ಇಳಿಹೊತ್ತಿಗೆ ಟವೆಲಿನ ಕಟ್ಟು ಇಡಲು ಎದ್ದವಳ ಹಿಂದೆ ಯಾರೋ, "ಅಯ್ಯೋ" ಎಂದರು. ಸ್ಟೂಲ್ ಒದ್ದೆಯಾಗಿತ್ತು. ಸೀರೆ ಒದ್ದೆಯಾಗಿತ್ತು. ನೆಲದ ಮೇಲೆ ಹರಿದು ಮೇಜಿನ ಕಾಲಿನ ತನಕ ಹೋಗಿತ್ತು.

"ನೀರು ಒಡೀತು!" ಅತ್ತೆ ಶೀಟು ಬಿಟ್ಟು ಓಡಿ ಬಂದಳು. ಹಿಂದೆ ರೋಲರಿನ ಬಾಯಲ್ಲಿ ಶೀಟು ಮುದ್ದೆಯಾಗಿ ಸಿಕ್ಕಿಕೊಂಡು ಸುಟ್ಟ ವಾಸನೆ ಎದ್ದಿತು. ಯಾರೂ ತಿರುಗಿ ನೋಡಲಿಲ್ಲ. ಏಳನೇ ತಿಂಗಳು! ಈಗ ಹುಟ್ಟಿದರೆ ಉಳಿದೀತೇ? ಗಂಡ ವ್ಯಾನಿನಲ್ಲಿದ್ದ ಮಡಚಿದ ಶೀಟುಗಳನ್ನು ಬಾಚಿ ಹಾಸಿ ಅದರ ಮೇಲೆ ಅವಳನ್ನು ಮಲಗಿಸಿದ. ದಾರಿಯುದ್ದಕ್ಕೂ ಅತ್ತೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಒದಿ, ಬಂಗಾರ, ಒದಿ" ಎನ್ನುತ್ತಿದ್ದಳು. ಮಗು ಒದೆಯುತ್ತಿತ್ತು. ಅದೊಂದೇ ಧೈರ್ಯ.

ಡಾಕ್ಟರಮ್ಮ ಅದೇ ಪರದೆ ಎಳೆದಳು. ಒದ್ದೆಯನ್ನು ಒಂದು ಸಣ್ಣ ಪಟ್ಟಿಗೆ ಮುಟ್ಟಿಸಿ ನೋಡಿ, "ಇದು ಮಗುವಿನ ನೀರಲ್ಲ" ಎಂದಳು. ಇವಳಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರಮ್ಮನ ಮುಖ ಮಾತ್ರ ಸಡಿಲವಾಗಲಿಲ್ಲ. ಕೆಳಹೊಟ್ಟೆಯನ್ನು ಒತ್ತಿದಳು. ಅಲ್ಲಿ ಮಗುವಿನ ಕೆಳಗೆ ಇನ್ನೊಂದು ಗಟ್ಟಿ ಉಂಡೆ ಇತ್ತು.

"ಮೂತ್ರಕ್ಕೆ ಕೊನೇ ಸಲ ಹೋಗಿದ್ದು ಯಾವಾಗ?"

"ಇವತ್ತು ಹೋಗಿಲ್ಲ ಮೇಡಂ. ನಿನ್ನೆ ಒಂಚೂರು. ನಂಗೆ ಅದು ಅಭ್ಯಾಸ. ಲಾಂಡ್ರೀಲಿ ನನ್ನ ಒಂಟೆ ಅಂತಾರೆ" ಎಂದು ಅವಳು ನಕ್ಕಳು. ನಕ್ಕದ್ದು ಅವಳೊಬ್ಬಳೇ.

ನರ್ಸ್ ಮೂತ್ರ ತೆಗೆಯುವ ಟ್ಯೂಬ್ ತಂದಳು. ಇವಳು ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮಂಚದ ಸರಳು ಹಿಡಿದು ಕಾದಳು. ಚೀಲ ತುಂಬುವ ಸದ್ದು ಕೇಳಿತು. ನರ್ಸ್ ಇನ್ನೊಂದು ಚೀಲ ತಂದಳು. ಟ್ಯೂಬ್ ಯಾವಾಗ ಒಳಗೆ ಹೋಯಿತೆಂದೇ ಇವಳಿಗೆ ತಿಳಿದಿರಲಿಲ್ಲ.

ಆಮೇಲೆ ಡಾಕ್ಟರಮ್ಮ ಒಂದು ಸೂಜಿ ತೆಗೆದುಕೊಂಡಳು. "ಕಣ್ಣು ಮುಚ್ಕೋ. ಚುಚ್ಚಿದಾಗ ಹೇಳು."

ಮಂಡಿಯ ಹತ್ತಿರ ಚುಚ್ಚಿದ್ದಕ್ಕೆ "ಹಾಂ" ಎಂದಳು. ತೊಡೆಯ ಮುಂದೆ, "ಹಾಂ" ಎಂದಳು. ಆಮೇಲೆ ಅವಳನ್ನು ಮಗ್ಗುಲಿಗೆ ತಿರುಗಿಸಿದರು. ಬಹಳ ಹೊತ್ತು ಏನೂ ಆಗಲಿಲ್ಲ. ಫ್ಯಾನಿನ ಸದ್ದು ಕೇಳುತ್ತಾ ಮಲಗಿದ್ದಳು. ಕೊನೆಗೆ ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಇನ್ನೂ ಶುರು ಮಾಡಿಲ್ವಾ ಮೇಡಂ?"

ಕಣ್ಣು ತೆರೆದಾಗ ಡಾಕ್ಟರಮ್ಮ ಸೂಜಿ ಹಿಡಿದು ನಿಂತಿದ್ದಳು. ಅತ್ತೆ ಪರದೆಯ ಅಂಚನ್ನು ಬಾಯಿಗೆ ಒತ್ತಿಕೊಂಡಿದ್ದಳು. ತೊಡೆಯ ಹಿಂಭಾಗದಲ್ಲಿ, ಕುಂಡಿಯ ಮೇಲೆ, ಕೆಂಪು ಚುಕ್ಕಿಗಳು ಸಾಲಾಗಿ ಎದ್ದಿದ್ದವು.

ಅಲ್ಲಿಂದ ಮುಂದೆ ಎಲ್ಲರ ಕಾಲಿಗೂ ಚಕ್ರ ಬಂತು. ದೊಡ್ಡ ಆಸ್ಪತ್ರೆಗೆ ಕಳಿಸಿದರು. ಬೆನ್ನಿನ ಡಾಕ್ಟರು ಸ್ಕ್ಯಾನ್ ಎಂದಾಗ ಗಂಡ ಅಡ್ಡ ನಿಂತ. "ಬಸುರಿಗೆ ಎಕ್ಸ್‌ರೇ ಹೊಡೀಬಾರ್ದು ಅಂತಾರೆ ಸಾರ್."

"ಇದು ಎಕ್ಸ್‌ರೇ ಅಲ್ಲಪ್ಪ, ಎಂಆರ್‌ಐ. ಅಯಸ್ಕಾಂತ. ಔಷಧಿ ಚುಚ್ಚದೇ ಬರೀ ಚಿತ್ರ ತೆಗೀತೀವಿ. ಮಗುಗೆ ಏನೂ ಆಗಲ್ಲ. ಈಗ ತೆಗೀದೇ ಇದ್ರೆ ಇವಳಿಗೆ ಆಗುತ್ತೆ."

ಒಗೆಯುವ ಮೆಷೀನಿನ ಹೊಟ್ಟೆಯಂಥದೇ ಒಂದು ಕೊಳವೆಯೊಳಗೆ ಅವಳನ್ನು ಮಗ್ಗುಲಾಗಿ ಮಲಗಿಸಿ ದೂಡಿದರು. ಒಳಗಿನ ಸದ್ದು ಕೂಡ ಅಂಥದೇ, ಗಡಗಡ, ಟಕಟಕ. ಭಾರ ಒಂದೇ ಕಡೆ ಕೂತಾಗ ಮೆಷೀನು ನೆಲವನ್ನೇ ಅಲುಗಿಸುವ ಸದ್ದು. ಅದನ್ನು ಕೇಳಿದರೆ ಲಾಂಡ್ರಿಯಲ್ಲಿ ಯಾರಾದರೂ ಓಡಿ ಹೋಗಿ ಗುಂಡಿ ಒತ್ತುತ್ತಾರೆ. ಇಲ್ಲಿ ಯಾರೂ ಓಡಿ ಬರಲಿಲ್ಲ. ಹೊಟ್ಟೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಮಲಗಿದಳು.

ಬೆನ್ನಿನ ಡಾಕ್ಟರು ಕಂಪ್ಯೂಟರ್ ಪರದೆಯ ಮೇಲೆ ಮೂವರಿಗೂ ತೋರಿಸಿದರು. ಬೆನ್ನುಮೂಳೆಯ ಒಳಗೆ ಬಿಳಿಯ ದಾರಗಳ ಕಟ್ಟೊಂದು ಮೇಲಿನಿಂದ ಇಳಿದು ಬರುತ್ತಿತ್ತು. ಸೊಂಟದ ಹತ್ತಿರ ಕಪ್ಪನೆಯ ಮುದ್ದೆಯೊಂದು ಅದರ ಮೇಲೆ ಕೂತಿತ್ತು. ಅದರಿಂದ ಕೆಳಗೆ ದಾರಗಳು ಕಾಣುತ್ತಲೇ ಇರಲಿಲ್ಲ.

"ಉಬ್ಬಿದ್ದು ಒಡೆದು ಇಡೀ ಹೊರಗೆ ಬಿದ್ದಿದೆ. ಮೊದಲು ಒಂದು ನರ ಒತ್ತುತ್ತಿತ್ತು, ಅದಕ್ಕೆ ನೋವು. ಈಗ ಇಡೀ ಕಟ್ಟನ್ನೇ ಅದುಮಿದೆ. ನರವೇ ಸುಮ್ಮನಾದ್ರೆ ನೋವು ಎಲ್ಲಿಂದ ಬರುತ್ತೆ?"

ಅತ್ತೆ ಮೆಲ್ಲಗೆ, "ನಾವು ವಾಸಿ ಆಯ್ತು ಅಂದ್ಕೊಂಡ್ವಿ ಡಾಕ್ಟ್ರೇ" ಎಂದಳು.

"ಬೇಗ ಬಂದಿದ್ರೆ ಅಂತ ನಾನು ಹೇಳಲ್ಲಮ್ಮ. ಹೇಳಿ ಏನೂ ಉಪಯೋಗ ಇಲ್ಲ. ಈಗಲೇ ತೆಗೀಬೇಕು. ಕಾಲಿನ ಬಲ ಬರಬಹುದು. ಮೂತ್ರ, ಮಲ, ಆ ಜಾಗದ ಸ್ಪರ್ಶ ಬರುತ್ತೋ ಇಲ್ವೋ ಮಾತು ಕೊಡಲ್ಲ. ಬಿಟ್ರೆ ಖಂಡಿತ ಬರಲ್ಲ."

"ಮಗು?" ಎಂದ ಗಂಡ.

"ಎಡಮಗ್ಗುಲಿಗೆ ಮಲಗಿಸಿ ಮಾಡ್ತೀವಿ, ಹೊಟ್ಟೆ ಮೇಲೆ ಒತ್ತಡ ಬೀಳಲ್ಲ. ಹೆರಿಗೆ ಡಾಕ್ಟರು ಪಕ್ಕದಲ್ಲೇ ಇರ್ತಾರೆ, ಎದೆಬಡಿತ ನೋಡ್ತಾನೇ ಇರ್ತಾರೆ. ಬಡಿತ ಇಳಿದ್ರೆ ಮಗುನ ಹೊರಗೆ ತೆಗೀಬೇಕಾಗಬಹುದು. ಏಳು ತಿಂಗಳಿನ ಮಗು, ಗಾಜಿನ ಪೆಟ್ಟಿಗೇಲಿ ಇಟ್ಟು ಸಾಕ್ಬೇಕು. ಉಳಿಯೋದು ಹೆಚ್ಚು. ಉಳಿದೇ ಉಳಿಯುತ್ತೆ ಅನ್ನೋಕಾಗಲ್ಲ."

ಗಂಡನ ಮುಖ ಸಣ್ಣದಾಯಿತು. "ಇನ್ನೊಂಚೂರು ದಿನ ಕಾದ್ರೆ? ಮಗು ಬಲಿಯೋ ತನಕ? ಅವಳಿಗೆ ಹೇಗೂ ಈಗ ನೋವಿಲ್ಲ ಸಾರ್..."

ಮಾತು ಮುಗಿಯುವ ಮುಂಚೆ ಅತ್ತೆ ಮಗನ ಕಡೆ ತಿರುಗಿದಳು. "ಬಾಯ್ಮುಚ್ಚು. ಈಗಾಗಲೇ ಒಂದು ಮನೇಲಿದೆ, ಅದನ್ನ ಎತ್ತಿಕೊಳ್ಳೋಕೆ ಅವಳಿಗೆ ಕಾಲು ಬೇಕು. ಅವಳ ಬೆನ್ನು ಅದು. ಅವಳನ್ನ ಕೇಳು."

ಎಲ್ಲರೂ ಮಂಚದ ಕಡೆ ನೋಡಿದರು. ಅವಳು ಹೊಟ್ಟೆಯ ಮೇಲಿದ್ದ ತನ್ನ ಕೈಯನ್ನೇ ನೋಡುತ್ತಿದ್ದಳು. ಮಗು ಸುಮ್ಮನಿತ್ತು, ನಿದ್ದೆ ಮಾಡುತ್ತಿತ್ತೋ ಏನೋ. ಒಂದು ಒದೆ ಒದ್ದರೆ ಹೇಳಿಬಿಡುತ್ತೇನೆ ಎಂದು ಅವಳು ಕಾದಳು. ಅದು ಒದೆಯಲಿಲ್ಲ.

"ಮಾಡಿ ಡಾಕ್ಟ್ರೇ" ಎಂದಳು. ಆಮೇಲೆ, "ಅದರ ಬಡಿತ ನಂಗೆ ಕೇಳಿಸೋ ಹಾಗೆ ಇಡಿ. ನಿದ್ದೆ ಬರೋ ತನಕ."

ಇಟ್ಟರು. ಮೇಲೆ ಬೆಳಕು, ಸುತ್ತ ಹಸಿರು ಬಟ್ಟೆ, ಮಗ್ಗುಲ ಕೆಳಗೆ ಒಂದು ಬಿಳಿ ಶೀಟು. ಅದರ ಅಂಚಿನಲ್ಲಿ ಅಡ್ಡಕ್ಕೆ ಮಾಸಲು ಕಂದು ಪಟ್ಟಿ. ಯಾವ ಜೋಡಿ ಸುಟ್ಟದ್ದೋ ಎಂದುಕೊಳ್ಳುವಾಗ, ಟುಕುಟುಕು ಎನ್ನುವ ಆ ಸಣ್ಣ ಓಟದ ಸದ್ದು ದೂರವಾಗುತ್ತಾ ಹೋಯಿತು.

ಎಚ್ಚರವಾದಾಗ ಮೊದಲು ಕೈ ಹೊಟ್ಟೆಗೆ ಹೋಯಿತು. ಹೊಟ್ಟೆ ಇತ್ತು. ಒಳಗೆ ಮಗು ಇತ್ತು. ಪಕ್ಕದಲ್ಲಿ ಅತ್ತೆ ಇದ್ದಳು. "ಕಾಲು ಅಲ್ಲಾಡಿಸು ನೋಡೋಣ" ಎಂದಳು. ಎಡಪಾದ ಒಂಚೂರು ಮೇಲೆ ಬಂದು, ನಡುಗಿ, ಬಿದ್ದಿತು. ಅತ್ತೆ ಅದಕ್ಕೇ ಕೈ ಮುಗಿದಳು.

ಪಾದ ಅಷ್ಟಿಷ್ಟು ಬಲ ಕೂಡಿಸಿಕೊಂಡಿತು. ಕೋಲು ಹಿಡಿದು ವಾರ್ಡಿನ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದಳು. ಒಂದು ದಿನ ಮೂತ್ರದ ಟ್ಯೂಬ್ ತೆಗೆದು, ನೀರು ಕುಡಿಸಿ, ಕಾಯಲು ಹೇಳಿದರು. ಅತ್ತೆ ನಲ್ಲಿ ತಿರುಗಿಸಿ ನೀರಿನ ಸದ್ದು ಮಾಡಿದಳು, ಚಿಕ್ಕ ಮಕ್ಕಳಿಗೆ ಮಾಡುವ ಹಾಗೆ "ಶ್‌ಶ್" ಎಂದಳು. "ಹಾಡು ಹೇಳಿದ್ರೆ ಮರ್ತು ಹೋಗುತ್ತೆ ಅಂತಿದ್ನಲ್ಲ. ಈಗ ಏನು ಹೇಳಿದ್ರೆ ನೆನಪಾಗುತ್ತೋ" ಎಂದು ನಗಲು ಹೊರಟವಳ ದನಿ ಮಧ್ಯದಲ್ಲೇ ಒಡೆಯಿತು. ಸೊಸೆ ಪಾತ್ರೆಯ ಮೇಲೆ ಕೂತೇ ಇದ್ದಳು. ಏನೂ ಬರಲಿಲ್ಲ.

ಮತ್ತೆ ಟ್ಯೂಬ್ ಹಾಕಿದರು. ಮನೆಗೆ ಕಳಿಸುವ ಮುಂಚೆ ನರ್ಸ್ ಅದನ್ನು ಹೊತ್ತುಹೊತ್ತಿಗೆ ಅವಳೇ ಹಾಕಿಕೊಂಡು ತೆಗೆಯುವುದನ್ನು ಕಲಿಸಿದಳು. ಹೊಟ್ಟೆ ಅಡ್ಡ ಇದ್ದುದರಿಂದ ಕೆಳಗೆ ಕಾಣುತ್ತಿರಲಿಲ್ಲ. ಅತ್ತೆ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಕನ್ನಡಿ ಹಿಡಿಯುವಳು, ಸೊಸೆ ಕನ್ನಡಿ ನೋಡಿಕೊಂಡು ಟ್ಯೂಬ್ ದೂಡುವಳು. ರೋಲರಿನ ಮುಂದೆ ಎಷ್ಟು ವರ್ಷ ಒಬ್ಬರ ಕೈ ಒಬ್ಬರು ನೋಡಿಕೊಂಡು ದುಡಿದಿದ್ದರೋ, ಇಲ್ಲೂ ಹಾಗೆಯೇ. ಗಂಡ ಆ ಹೊತ್ತಿಗೆ ಮಗಳನ್ನು ಎತ್ತಿಕೊಂಡು ಬೀದಿಗೆ ಹೋಗುತ್ತಿದ್ದ. ಇನ್ನೊಂಚೂರು ದಿನ ಕಾದ್ರೆ ಎಂದು ಕೇಳಿದ್ದನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಅದು ಮನೆಯೊಳಗೆ ಹಾಗೇ ಇತ್ತು.

ತಿಂಗಳು ತುಂಬಿದಾಗ ಹೊಟ್ಟೆ ಕುಯ್ದು ಮಗುವನ್ನು ತೆಗೆದರು. ಗಂಡು. ಕೈಕಾಲು ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ.

ಲಾಂಡ್ರಿಯ ಹೆಂಗಸರು ಮಗು ನೋಡಲು ಬಂದರು. ಬಾಗಿಲಲ್ಲಿ ಒಬ್ಬಳು, "ಎಲ್ಲಿ ನಮ್ಮ ಒಂ..." ಎಂದವಳು ನಾಲಿಗೆ ಕಚ್ಚಿಕೊಂಡಳು. ಮಗು ಯಾರ ಹಾಗಿದೆ ಎಂಬ ಮಾತು ಎತ್ತಿ ಇನ್ನೊಬ್ಬಳು ಎಲ್ಲರನ್ನೂ ಉಳಿಸಿದಳು. ಅಂದಿನಿಂದ ಅವಳಿಗೆ ಹೆಸರಿಲ್ಲ, "ಇವಳೇ," "ಏನಮ್ಮ," ಅಷ್ಟೇ. ಹೊರಡುವಾಗ ಒಬ್ಬಳು ಹೇಳಿಹೋದಳು. "ನಿಮ್ಮತ್ತೆಗೆ ತಲೆ ಕೆಟ್ಟಿದೆ ಕಣೇ. ಮೊನ್ನೆ ರೋಲರಿನ ಬಾಯಲ್ಲಿ ಶೀಟು ಇರೋವಾಗಲೇ ಬಿಟ್ಟು ಅಂಗಳಕ್ಕೆ ಹೋದ್ರು. ಸೂಪರ್‌ವೈಸರಮ್ಮ ಕಿರುಚಿದ್ರೆ, ಸುಟ್ರೆ ಸುಡ್ಲಿ ಅಂದ್ರು. ಈಗ ಒಗೆಯೋ ಕಡೆಗೆ ಹಾಕಿದಾರೆ."

ಅತ್ತೆ ಮನೆಯಲ್ಲಿ ಅದನ್ನು ಹೇಳಿರಲಿಲ್ಲ. ಆದರೆ ರಾತ್ರಿಯೂಟ ಮುಗಿದ ಮೇಲೆ ಮಂಡಿ ನೀವಿಕೊಳ್ಳುವುದು ಹೆಚ್ಚಾಗಿತ್ತು. ಸೊಸೆ ಬಿಸಿನೀರಿನ ಚೀಲ ಮುಂದಿಟ್ಟರೆ, ತೆಗೆದುಕೊಂಡು ಮಂಡಿಗೆ ಒತ್ತಿಕೊಳ್ಳುವಳು.

ಒಂದು ಮಧ್ಯಾಹ್ನ ಅವಳು ಚಾಪೆಯ ಮೇಲೆ ಗೋಡೆಗೊರಗಿ ಕೂತು ಮಗುವಿಗೆ ಹಾಲೂಡುತ್ತಿದ್ದಳು. ಅಂದು ರಜೆ, ಅತ್ತೆ ಎದುರಿಗೆ ಕೂತು ತುಂಡುಬಟ್ಟೆ ಮಡಚುತ್ತಿದ್ದಳು. ಮಗು ಹಾಲು ಬಿಟ್ಟು ಒಮ್ಮೆ ನಡುಗಿತು, ಮತ್ತೆ ಬಾಯಿ ಹಾಕಿತು. ಸ್ವಲ್ಪ ಹೊತ್ತಿನ ಮೇಲೆ ಚಾಪೆಯ ಅಂಚಿನಲ್ಲಿ ನೀರು ಹೊಳೆಯಿತು.

ಅವಳು ಕೈಯನ್ನು ಕೆಳಗೆ ಹಾಕಿ ಮುಟ್ಟಿ ನೋಡಿದಳು. ಒದ್ದೆ. ಬಿಸಿ. ಟ್ಯೂಬ್ ಹಾಕಿಕೊಳ್ಳುವ ಹೊತ್ತು ಮೀರಿಹೋಗಿತ್ತೇ? ನೆನಪಾಗಲಿಲ್ಲ. ಅಥವಾ ಬರಬಹುದು, ವರ್ಷವೇ ಹಿಡಿಯಬಹುದು ಎಂದು ಡಾಕ್ಟರು ಹೇಳಿದ್ದ ಮೂತ್ರ ಈಗ ತಾನಾಗಿ ಬಂತೇ? ಇಡೀ ಮನಸ್ಸನ್ನು ಆ ಜಾಗಕ್ಕೆ ಕಳಿಸಿದಳು. ಅಲ್ಲಿ ಯಾರೂ ಇರಲಿಲ್ಲ.

"ಅತ್ತೆ" ಎಂದಳು. "ಸ್ವಲ್ಪ ನೋಡಿ. ಇದು ಯಾರದ್ದು?"

ಅತ್ತೆ ಮಂಡಿಯೂರಿ ಬಂದಳು. ಮಗುವಿನ ಬಟ್ಟೆ ಹಿಂಡಿ ನೋಡಿದಳು. ಸೊಸೆಯ ಸೀರೆಯ ಕೆಳಗೆ ಕೈ ಹಾಕಿ, ಬಟ್ಟೆ ಮುಟ್ಟಿ, ಕೈ ಹೊರಗೆ ತೆಗೆದಳು.

"ಅವನದ್ದು ಕಣೇ" ಎಂದಳು ಕೊನೆಗೆ. "ನಿನ್ನದಲ್ಲ."

"ಹೂಂ" ಎಂದಳು ಸೊಸೆ.

ಅತ್ತೆ ಒಣಬಟ್ಟೆ ತಂದು ಒಂದು ತುದಿ ಹಿಡಿದು ಇನ್ನೊಂದು ತುದಿಯನ್ನು ಅವಳ ಕೈಗೆ ಕೊಟ್ಟಳು. ಇಬ್ಬರೂ ಸೇರಿ ಅದನ್ನು ಬಿಗಿಯಾಗಿ ಎಳೆದು, ಮಗುವಿನ ಕೆಳಗೆ ಒಂದು ಸುಕ್ಕೂ ಇಲ್ಲದಂತೆ ಹಾಸಿದರು. ಆಮೇಲೆ ಅತ್ತೆ ಗೋಡೆ ಹಿಡಿದು ಎದ್ದು ಕನ್ನಡಿ ತರಲು ಹೋದಳು.